ಮೆಟ್ಟಿಲಡಿಯ ದರ್ಜಿಯ ಮೇಲೆ ಕೋಪ ಯಾರಿಗೆ?

ನ್ಯಾಯಾಲಯದಲ್ಲಿ ದಾವೆಗಳನ್ನು ಪರಿಶೀಲಿಸಿ ಒಳಗೆ ಬಿಟ್ಟುಕೊಳ್ಳುವ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿಯ ಮೇಲೆ ಕಂಪನಿಯೊಂದು ದಾವೆ ಹೂಡಿದೆ. ಹಾಗೆ ಹೂಡಲು ಕಂಪನಿಯಲ್ಲಿ ತೀರ್ಮಾನಿಸಿದವರು ಯಾರು ಎಂದು ಒಂದು ಮಾತೂ ಕೇಳದೆ ನಿಮ್ಮ ಕಚೇರಿ ಅದನ್ನು ಒಳಗೆ ಬಿಟ್ಟುಕೊಂಡಿದೆ. ನಾನು ಕಾಗದ ಬರೆಯುವುದು ಸಾಮಾನ್ಯವಾಗಿ ತಂಗಿಯರಿಗೆ, ಸೊಸೆಯಂದಿರಿಗೆ. ಕ್ಷೇಮ ವಿಚಾರಿಸಿಯೇ ಶುರುಮಾಡುವುದು ರೂಢಿ. ನಿಮ್ಮ ಕ್ಷೇಮ ಕೇಳುವ ಮನಸ್ಸು ಈ ಹೊತ್ತು ನನಗಿಲ್ಲ.

ತಂಗಿ ದರ್ಜಿ. ಕಚೇರಿ ಕಟ್ಟಡವೊಂದರ ಮೆಟ್ಟಿಲಡಿಯಲ್ಲಿ ಹೊಲಿಗೆ ಯಂತ್ರ, ಒಂದು ಸ್ಟೂಲು, ಬಟ್ಟೆ ತೂಗುಹಾಕಲು ಗೋಡೆಯಲ್ಲಿ ಮೊಳೆಗಳು, ಇಷ್ಟೇ ಅವಳ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ಹೆಣ್ಣುಮಕ್ಕಳಿಬ್ಬರನ್ನು ದಡ ಸೇರಿಸಿದಳು. ಹಳೆಯ ಮಾಲೀಕರು ಬಾಡಿಗೆಗೆ ಕೊಟ್ಟಿದ್ದ ಜಾಗ. ಈಗ ಕಟ್ಟಡ ಕಂಪನಿಯದು. ಅವಳನ್ನು ಎಬ್ಬಿಸಬೇಕೆಂದೇ ಈ ದಾವೆ. ಸಹಿ ಹಾಕಿದವರು ಕಟ್ಟಡ ನೋಡಿಕೊಳ್ಳುವ ಮ್ಯಾನೇಜರು.

ಅವಳಿಗೆ ಕಿವಿ ಮಂದ. ಅವಳ ಪರವಾಗಿ ಉತ್ತರ ಸಲ್ಲಿಸಲು ನಾನು ನಿಮ್ಮ ಕೌಂಟರಿಗೆ ಬಂದೆ. ಅಧಿಕಾರ ಪತ್ರ ಎಲ್ಲಿ ಎಂದರು. ತಂದೆ. ಸಾಕ್ಷಿಯ ಸಹಿ ಎಲ್ಲಿ ಎಂದರು. ಹಾಕಿಸಿ ತಂದೆ. ಅವಳು ನನ್ನ ತಂಗಿ ಎನ್ನುವುದಕ್ಕೂ ಪುರಾವೆ ಕೇಳಿದರು. ಇಬ್ಬರೂ ಒಂದೇ ಮೂಗು ಹೊತ್ತು ತಿರುಗುತ್ತಿದ್ದೇವೆ, ಅದು ಸಾಲಲಿಲ್ಲ. ಇರಲಿ, ಕೇಳುವುದು ನಿಮ್ಮ ಕೆಲಸ, ಕೇಳಿದಿರಿ. ಇಷ್ಟೆಲ್ಲ ಕೇಳಿದ ಬಾಯಿ ಮ್ಯಾನೇಜರ ಮುಂದೆ ಏಕೆ ಮುಚ್ಚಿಹೋಯಿತು? ಆತನಿಗೆ ಅಧಿಕಾರ ಕೊಟ್ಟು ಕಂಪನಿಯ ನಿರ್ದೇಶಕರ ಸಭೆ ಮಾಡಿದ ನಿರ್ಣಯ ಎಲ್ಲಿ ಎಂದು ನಾನೇ ವಿಚಾರಿಸಿದಾಗ ನಿಮ್ಮ ಗುಮಾಸ್ತರು ನಕ್ಕುಬಿಟ್ಟರು. "ಕಂಪನಿ ಅಂದ್ರೆ ಕಂಪನಿ, ಯಜಮಾನ್ರೇ. ಸೀಲ್ ಇದೆಯಲ್ಲ." ಸೀಲಿಗೆ ಬುದ್ಧಿ ಇದೆಯೇ ಮಾನ್ಯರೇ? ಅದೇ ಕುಳಿತು ಯೋಚಿಸಿ, ಈ ಹೆಂಗಸನ್ನು ಬೀದಿಗೆ ಹಾಕೋಣ ಎಂದು ತೀರ್ಮಾನಿಸಿತೇ?

ತಂಗಿ ಕೇಳುವುದೂ ಅದನ್ನೇ. "ಅಣ್ಣಾ, ನನ್ನ ಮೇಲೆ ಕೋಪ ಇರೋದು ಯಾರಿಗೆ? ಗೊತ್ತಾದ್ರೆ ಹೋಗಿ ಮಾತಾಡ್ತೀನಿ." ಜಗಳಕ್ಕೆ ಒಂದು ಮುಖ ಬೇಕು. ಮುಖವಿದ್ದರೆ ರಾಜಿಯಾದರೂ ಆದೀತು.

ಆ ಮುಖ ತಾನಾಗಿಯೇ ಇಳಿದು ಬಂತು. ಮೇಲಿನ ಮಹಡಿಯಲ್ಲಿ ಕೂರುವ ಕಂಪನಿಯ ನಿರ್ದೇಶಕರೊಬ್ಬರು ಕೋಟಿನ ಒಳಪದರ ಹರಿದಿದೆಯೆಂದು ಬಂದು ಅವಳ ಸ್ಟೂಲಿನ ಮೇಲೆ ಕುಳಿತರು. ನಾನೂ ಅಲ್ಲೇ ಇದ್ದೆ, ಕೇಳಿಯೇಬಿಟ್ಟೆ. "ಇವ್ರ ಮೇಲೆ ಕೇಸಾ? ನಮ್ಮ ಮೀಟಿಂಗಲ್ಲಿ ಇಂಥ ಮಾತೇ ಬಂದಿಲ್ವಲ್ಲ" ಎಂದು ಹುಬ್ಬೇರಿಸಿದರು. ಕೋಟು ಶುಕ್ರವಾರ ಸಿಗುತ್ತದೆಯೇ ಎಂದು ಕೇಳಿ ಎದ್ದು ಹೋದರು.

ಅದನ್ನೇ ಬರೆದು ಆಕ್ಷೇಪಣೆ ಸಲ್ಲಿಸಿದೆವು. ನಿರ್ಣಯವನ್ನು ಈಗ ಮಾಡಿಕೊಂಡು ತರಲು ಕಂಪನಿಗೆ ಕಾಲಾವಕಾಶ ಸಿಕ್ಕಿದೆ. ಕಾನೂನು ಅದನ್ನು ಒಪ್ಪುತ್ತದಂತೆ. ಕಾನೂನಿನ ಜೊತೆ ನನ್ನ ಜಗಳವಿಲ್ಲ, ನಿಮ್ಮ ಕೌಂಟರಿನ ಜೊತೆ ಇದೆ. ಒಂದು ಸಹಿ ಇಲ್ಲವೆಂದು ನನ್ನನ್ನು ಬಾಗಿಲಿಂದಲೇ ಅಟ್ಟಿದಿರಿ. ಏನೂ ಇಲ್ಲದೆ ಬಂದವರಿಗೆ ಕುರ್ಚಿ ಹಾಕಿದಿರಿ. ಮೊದಲು ಹೊಡೆದು, ಹೊಡೆಯಲು ಅಪ್ಪಣೆಯನ್ನು ಆಮೇಲೆ ತರುವುದಾದರೆ ನಡುವೆ ಏಟು ತಿಂದವಳ ಗತಿಯೇನು? ಸಮನ್ಸ್ ಬಂದಂದಿನಿಂದ ಮೆಟ್ಟಿಲ ಮೇಲೆ ಯಾರ ನೆರಳು ಬಿದ್ದರೂ ಅವಳ ಕಾಲು ಪೆಡಲಿನ ಮೇಲೆ ನಿಂತುಹೋಗುತ್ತದೆ.

ಆದ್ದರಿಂದ ಇನ್ನು ಮುಂದೆ ನಿರ್ಣಯದ ಪ್ರತಿಯಿಲ್ಲದೆ ಯಾವ ಕಂಪನಿಯ ದಾವೆಯೂ ನಿಮ್ಮ ಕೌಂಟರು ದಾಟಕೂಡದು. ತಂಗಿಯ ವಿಷಯದಲ್ಲಿ ಆ ಪ್ರತಿ ಬಂದಾಗ ಸೀಲು ನೋಡಿ ಸುಮ್ಮನಾಗಬೇಡಿ. ಸಭೆಯಲ್ಲಿ ಕುಳಿತವರು ಯಾರು, ಅವಳನ್ನು ಎಬ್ಬಿಸಬೇಕೆಂದವರು ಯಾರು ಎಂದು ನನ್ನನ್ನು ಕೇಳಿದಷ್ಟೇ ಗಟ್ಟಿಯಾಗಿ ಕೇಳಿ.

ಕೇಳುವುದು ಹೇಗೆಂದು ತಿಳಿಯದಿದ್ದರೆ ಮೆಟ್ಟಿಲಡಿಗೆ ಬನ್ನಿ. ಶುಕ್ರವಾರ ಕೋಟು ಒಯ್ಯಲು ನಿರ್ದೇಶಕರು ಡ್ರೈವರನ್ನು ಕಳಿಸಿದ್ದರು. ತಂಗಿ ಕನ್ನಡಕದ ಮೇಲಿಂದ ಅವನನ್ನು ನೋಡಿ, "ನೀನು ಅವರ ಕಡೆಯವನು ಅಂತ ನಂಗೆ ಹೇಗೆ ಗೊತ್ತಾಗ್ಬೇಕಪ್ಪಾ? ಬರೆಸ್ಕೊಂಡು ಬಾ. ಇಲ್ಲಾಂದ್ರೆ ಅವರನ್ನೇ ಕಳಿಸು, ನಂಗೂ ಒಂದು ಮಾತು ಕೇಳೋದಿದೆ" ಎಂದಳು.

ಕೋಟು ಇನ್ನೂ ಮೊಳೆಯಲ್ಲೇ ಇದೆ.

ಇಂತಿ,
ಸಾಕ್ಷಿಯ ಸಹಿಯುಳ್ಳ ಅಧಿಕಾರ ಪತ್ರದೊಂದಿಗೆ, ತಂಗಿಯ ಪರವಾಗಿ,
ಅವಳ ಅಣ್ಣನೆಂದು ಈಚೆಗಷ್ಟೇ ರುಜುವಾತಾದವನು