ಬೀಡಿನ ಹೆಂಚಿನ ಸದ್ದು

ಬಾಗಲಗುಂಟೆ
12-6-2009

ಚಿಕ್ಕಮುನಿಯಮ್ಮನವರಿಗೆ ಪಕ್ಕದ ಬೀದಿಯ ಪದ್ಮಾವತಿಯ ನಮಸ್ಕಾರ.

ನಿನ್ನೆ ನೀವು ಮಾರಲಿಟ್ಟಿದ್ದ ಬೀಡುಕಬ್ಬಿಣದ ದೋಸೆಹೆಂಚನ್ನು ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಬಿರುಕಿಲ್ಲದ ಹೆಂಚು ಹೇಗೆ ಮೊಳಗಬೇಕೋ ಹಾಗೆಯೇ ಮೊಳಗಿತು. ಆದರೂ ಬೆಲೆ ಇಳಿಯಲೆಂದು, ಒಳಗೆ ಬಿರುಕಿದೆ ಎಂದುಬಿಟ್ಟೆ. ನಮ್ಮ ಯಜಮಾನರು ಪೀಣ್ಯದಲ್ಲಿ ಎರಕದ ಕೆಲಸದವರೆಂದು ನೀವು ನನ್ನ ಮಾತನ್ನು ನಂಬಿದಿರಿ. “ಬಿರುಕು ಬಿಟ್ಟಿರೋದ್ನ ನಿಂಗೆ ಎಂಗೆ ಕೊಡ್ಲವ್ವ” ಅಂತ ಅದನ್ನು ಗುಜರಿ ಚೀಲಕ್ಕೆ ಹಾಕಿ, ನನಗೆ ಕಾಫಿ ಕೊಟ್ಟಿರಿ. ಕುಡಿದು ಬಂದೆ.

ಗುಜರಿಯವನು ಬರುವ ಮೊದಲು ದಯವಿಟ್ಟು ಅದನ್ನು ತೆಗೆದಿಡಿ. ನನಗಂತೂ ಮಾರಬೇಡಿ.

ಈ ಕಾಗದವನ್ನು ಮೊಮ್ಮಗಳು ವೇಣಿಯಿಂದ ಓದಿಸಿಕೊಳ್ಳಿ. ನಾಳೆ ಅವಳು ನನ್ನ ಹತ್ತಿರ ಪಾಠಕ್ಕೆ ಬರದಿದ್ದರೆ, ಯಾಕೆಂದು ಕೇಳುವುದಿಲ್ಲ.

ಇಂತಿ,
ಪದ್ಮಾವತಿ