ಏಳನೇ ಮಂಚದ ಅಜ್ಜಿಯ ಕೆನ್ನೆ

ಅಕ್ಕಾ,
ಮೈ ಹುಷಾರಾಗಿದೆ. ಸೋಪಿನ ನೀರಿಗೆ ಅಂಗೈ ಸುಲಿಯುತ್ತಿದೆ, ಅಷ್ಟೇ.

ಇಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಕ್ಲೀನಿಂಗ್ ಪರೀಕ್ಷೆಗೆ ಹೊಸ ಉಪಾಯವೊಂದು ಬಂದಿದೆ. ಕಣ್ಣಿಗೆ ಕಾಣದ ಅಂಟನ್ನು ಸೂಪರ್‌ವೈಸರ್ ಬಾಗಿಲ ಹಿಡಿಗೆ, ನಲ್ಲಿಗೆ, ಮಂಚದ ಕಂಬಿಗೆ ಹಚ್ಚಿಟ್ಟು ಹೋಗುತ್ತಾನೆ. ನಾವು ಒರೆಸಿದ ಮೇಲೆ ಬಂದು ನೀಲಿ ದೀಪ ಹಿಡಿಯುತ್ತಾನೆ. ಉಳಿದ ಅಂಟು ಮಿಂಚಿದರೆ ನಮ್ಮ ಬಂಡವಾಳ ಬಯಲು.

ಸೋಮವಾರ ನನ್ನ ವಾರ್ಡಿನಲ್ಲಿ ಎಲ್ಲೂ ಮಿಂಚಲಿಲ್ಲ. "ಪರವಾಗಿಲ್ವೇ, ನೂರಕ್ಕೆ ನೂರು!" ಎನ್ನುತ್ತಾ ಅವನು ತಿರುಗುವಾಗ ದೀಪ ಏಳನೇ ಮಂಚದ ಅಜ್ಜಿಯ ಮೇಲೆ ಬಿತ್ತು. ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು ಹೊಳೆಯಿತು.

"ಇದ್ಯಾರದಮ್ಮಾ ಕೈ?" ಎಂದ.

ನಾನು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಥೇಟ್ ನಮ್ಮಮ್ಮನ ಹಾಗೆ ಇದ್ದಾಳೆಂದು, ಕಂಬಿ ಒರೆಸಿದ ಗ್ಲೌಸಿನಲ್ಲೇ ದಿನಾ ಅವಳ ಕೆನ್ನೆ ಸವರುತ್ತಿದ್ದೆ.

ಗುರುವಾರ ಅಜ್ಜಿ ಸೋಂಕು ತಗುಲಿ ತೀರಿಕೊಂಡಳು. "ವಯಸ್ಸಾಗಿತ್ತು ಬಿಡಿ" ಅಂದರು ನರ್ಸಮ್ಮ. ನಾನು ಗ್ಲೌಸು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ.

ನಿನ್ನ ಪಾಪುವಿನ ಕೆನ್ನೆಯನ್ನು ನನ್ನ ಪರವಾಗಿ ಸವರು ಎಂದು ಪ್ರತಿ ಕಾರ್ಡಿನಲ್ಲೂ ಬರೆಯುತ್ತಿದ್ದೆ. ಈ ಸಲ ಬೇಡ.

ನಿನ್ನ ತಂಗಿ