ಹಣ್ಣಾದ ಕೈ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಮೊದಲಿಗೆ ತಪ್ಪೊಪ್ಪಿಗೆ. ಯಾರ ಒತ್ತಾಯವೂ ಇಲ್ಲದೆ, ಸ್ವಬುದ್ಧಿಯಿಂದ ಹೇಳುತ್ತಿದ್ದೇನೆ: ಮೊಮ್ಮಗಳ ಹಳದಿ ರಬ್ಬರ್ ಚೆಂಡು ಕದ್ದವನು ನಾನೇ. ಮಗು ಮಂಚದ ಕೆಳಗೆ ಹುಡುಕುವಾಗ ನಾನೂ ಬಗ್ಗಿ ಹುಡುಕಿದೆ. ಚೆಂಡು ನನ್ನ ಜೇಬಿನಲ್ಲಿತ್ತು.

ಉತ್ತರ ತಡವಾಯಿತು, ಬೈದುಕೋ. ನಡುವೆ ಒಂದು ಸಣ್ಣ ಜ್ವರ ಬಂದು ಹೋಯಿತು. ನಿನ್ನ ಮೂತ್ರಪಿಂಡಗಳೂ ನನ್ನವುಗಳ ಹಾದಿ ಹಿಡಿದಿವೆಯೆಂದು ಓದಿ ಸಂಕಟವಾಯಿತು. ಮನೆತನದಲ್ಲಿ ಹಂಚಿಕೊಳ್ಳಲು ನಮಗೆ ಬೇರೇನೂ ಸಿಗಲಿಲ್ಲವೇ? "ಡಯಾಲಿಸಿಸ್‌ಗೆ ಇನ್ನೂ ಸಮಯ ಇದೆ, ಆದ್ರೆ ಕೈಗೆ ಫಿಸ್ಟುಲಾ ಈಗ್ಲೇ ಮಾಡಿಸ್ಕೊಳ್ಳಿ ಅಂತಾರೆ ಡಾಕ್ಟ್ರು. ಸೂಜಿ ತುಂಬಾ ನೋವಾಗುತ್ತಾ ಅಣ್ಣಾ? ನೀನು ಹೇಳ್ದಂಗೆ ಮಾಡ್ತೀನಿ" ಎಂದಿದ್ದೀಯ.

ಮಾಡಿಸಿಕೋ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳಗಳನ್ನು ಕೂಡಿಸುತ್ತಾರೆ. ಥೇಟ್ ಮದುವೆ: ಒಬ್ಬರ ಒತ್ತಡವೆಲ್ಲ ಇನ್ನೊಬ್ಬರ ಮೇಲೆ. ಆ ನಾಳ ಉಬ್ಬಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಚೆಂಡು ಹಿಸುಕುತ್ತ ಕೂರಬೇಕು. ಅದಕ್ಕೇ ನನ್ನ ಕಳ್ಳತನ. ಅವಸರಪಟ್ಟು ಚುಚ್ಚಿದರೆ ನಾಳ ಒಡೆದು ಕೈ ಕಪ್ಪಾಗುತ್ತದೆ. ತಡಮಾಡಿದರೆ ಕುತ್ತಿಗೆಗೆ ಹಾಕಿದ ಕೊಳವೆಯಲ್ಲೇ ಡಯಾಲಿಸಿಸ್ ಮಾಡಿಸಿಕೊಂಡು ದಿನ ನೂಕಬೇಕು. ನಮ್ಮ ಡಯಾಲಿಸಿಸ್ ಸಿಸ್ಟರ್ ಒಂದು ದಿನ ನನ್ನ ಕೈಮೇಲೆ ಬೆರಳಿಟ್ಟು, "ರಕ್ತ ಹರಿಯೋದು ಬೆಕ್ಕು ಗುರುಗುಟ್ಟಿದಂಗಿದೆ. ಕೈ ಹಣ್ಣಾಗಿದೆ ಸಾರ್, ಇನ್ನು ಚುಚ್ಬಹುದು" ಎಂದರು. ನಾನು ಹಣ್ಣಾಗಲು ಅರವತ್ತು ವರ್ಷ ಹಿಡಿಯಿತು, ಕೈ ಎರಡೇ ತಿಂಗಳಲ್ಲಿ ನನ್ನನ್ನು ಹಿಂದೆ ಹಾಕಿತು.

ಇನ್ನು ಸೂಜಿ. ಇರುವೆ ಕಚ್ಚಿದಷ್ಟು, ಅಷ್ಟೆ. ಸಿಸ್ಟರ್ ಚುಚ್ಚುವಾಗ ನಾನು ಪೇಪರ್ ಓದುತ್ತಿದ್ದೆ, ಪುಟವನ್ನೂ ತಿರುವಿದೆ. ಪಕ್ಕದ ಮಂಚದ ದರ್ಜಿ ಬೆರಗಾಗಿ, "ಏನ್ ಸಾರ್, ಕೈ ನಿಮ್ದೇನಾ, ಬಾಡಿಗೇದಾ?" ಎಂದು ಕೇಳಿದ.

ಧೈರ್ಯವಾಗಿರು. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ಆಯುಸ್ಸು ನನ್ನ ಮಾತಿನಷ್ಟು ಉದ್ದವಾಗಲಿ.

ನಿನ್ನ
ಅಣ್ಣ

ಮರೆತ ಮಾತು: ಮರೆತಿರಲಿಲ್ಲ, ಬಿಟ್ಟಿದ್ದೆ. ಮಡಚುವ ಮೊದಲು ನಿನ್ನ ಅತ್ತಿಗೆ ಕಾಗದ ಓದಿದಳು. ನಾನು ಹರಿಯಲು ಹೋದರೆ ಕೈ ಹಿಡಿದಳು. "ಹರೀಬೇಡಿ. ಹೀಗೇ ಕಳ್ಸಿ. ಕೆಳಗೆ ನಿಜಾನೂ ಬರೀರಿ. ಅವ್ನು ನಿಮ್ಮನ್ನ ನಂಬ್ಕೊಂಡಿದಾನೆ."

ಪೇಪರ್ ಓದುತ್ತಿದ್ದವನು ದರ್ಜಿ. ಬಾಡಿಗೆ ಕೈಯ ಪ್ರಶ್ನೆ ಕೇಳಿದವನು ನಾನು. ನನ್ನ ಕೈಗೆ ಇನ್ನೂ ಒಂದು ಸೂಜಿಯೂ ತಾಗಿಲ್ಲ. ಸಿಸ್ಟರ್ ಕರೆದಾಗಲೆಲ್ಲ "ಇನ್ನೊಂಚೂರು ಚೆಂಡು ಹಿಸುಕ್ತೀನಿ" ಎಂದು ಜಾರಿಕೊಂಡೆ. ಕೊನೆಗೆ ಅದು ನಿಜವಾಗಿಯೇ ಕುತ್ತಿಗೆಗೆ ಬಂತು: ಅಲ್ಲಿದ್ದ ಕೊಳವೆಗೆ ನಂಜಾಯಿತು. ಸಣ್ಣ ಜ್ವರ ಎಂದೆನಲ್ಲ, ಆ ಜ್ವರದಲ್ಲಿ ನಿನ್ನ ಅತ್ತಿಗೆಯ ಗುರುತೂ ನನಗೆ ಸಿಗಲಿಲ್ಲವಂತೆ. ಎಚ್ಚರವಾದಾಗ ಅವಳ ಮುಖ ನೋಡಲು ಆಗದೆ ಗೋಡೆಯ ಕಡೆ ತಿರುಗಿ ಮಲಗಿದೆ.

ಬರುವ ಗುರುವಾರ ಮೊದಲ ಸೂಜಿ. ನೋವಾಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಕಣೋ. ಚೆಂಡನ್ನು ಮಗುವಿಗೆ ವಾಪಸ್ ಕೊಟ್ಟಿದ್ದೇನೆ, ಹಿಡಿದುಕೊಳ್ಳಲು ಏನೂ ಇಲ್ಲ. ನೀನು ಬಂದು ಪಕ್ಕದಲ್ಲಿ ಕೂತ್ಕೋತೀಯಾ?